ಕಡಲಾಚೆಯ ಕೋಣೆಗೆ ಬಾಡಿಗೆ ಕಟ್ಟುವುದು ಹೇಗೆ?

ಮುರುಗಮಲ್ಲದಲ್ಲಿ ಒಂದು ರಾತ್ರಿಯ ಮಟ್ಟಿಗೆ ತಂಗಲು ಜಾಗ ಹಿಡಿಯುವುದು ದೊಡ್ಡ ವಿದ್ಯೆಯೇನಲ್ಲ. ಚಿಂತಾಮಣಿ ತಾಲ್ಲೂಕಿನ ಈ ಊರಿನ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ. ಉರುಸ್ ಕಾಲದಲ್ಲಿ ಕರ್ನಾಟಕದವರ ಜೊತೆಗೆ ಆಂಧ್ರದ ಕಡೆಯವರೂ ಸೇರುತ್ತಾರೆ. ಬಂದವರ ಮಾತು ಕನ್ನಡವೋ ತೆಲುಗೋ ಉರ್ದುವೋ ಇರಬಹುದು. ಬಾಡಿಗೆಗೆಂದು ಜೇಬಿನಿಂದ ತೆಗೆಯುವ ನೋಟು ಮಾತ್ರ ಒಂದೇ. ಮದನಪಲ್ಲಿಯಲ್ಲಿ ಎಣಿಸಿ ಇಟ್ಟುಕೊಂಡ ಐನೂರು ರೂಪಾಯಿ ರಾಜ್ಯದ ಗಡಿ ದಾಟಿ ಮುರುಗಮಲ್ಲಕ್ಕೆ ಬಂದ ಮೇಲೂ ಐನೂರೇ.

ಇದೇ ಸೀಮೆಯ ಒಂದು ಕುಟುಂಬ ಹಜ್ ಯಾತ್ರೆಗೆ ಹೊರಟಿತೆನ್ನಿ, ಅಥವಾ ಟೊಮೆಟೊ, ರೇಷ್ಮೆಗೂಡು ಮಾರಿ ಕೂಡಿಟ್ಟ ಹಣದಲ್ಲಿ ಮಗಳನ್ನು ಜರ್ಮನಿಗೆ ಓದಲು ಕಳಿಸಿತೆನ್ನಿ. ಆಗ ಅದೇ ಐನೂರರ ನೋಟು ಬರಿಯ ಕಾಗದ. ಮೆಕ್ಕಾದ ಮನೆ ಮಾಲೀಕನಿಗೆ ರಿಯಾಲ್ ಬೇಕು, ಬರ್ಲಿನ್ನಿನ ಮನೆಯೊಡತಿಗೆ ಯೂರೋ ಬೇಕು. ರಜೆಗೆಂದು ಸಿಂಗಪುರದಲ್ಲಿ ವಾರದ ಮಟ್ಟಿಗೆ ಮನೆ ಹಿಡಿಯುವವರಿಗೂ ಇದೇ ತೊಡಕು. ರೂಪಾಯಿಯನ್ನು ಪರದೇಶದ ಹಣವಾಗಿ ಮಾರ್ಪಡಿಸುವ ಈ ದಾರಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಸೋರುತ್ತದೆ, ಎಲ್ಲಿ ಮೋಸ ಹೋಗುವ ಸಂಭವವಿದೆ ಎಂಬುದನ್ನು ಹೊರಡುವ ಮೊದಲೇ ತಿಳಿಯುವುದು ಒಳ್ಳೆಯದು. ಏಕೆಂದರೆ ಇಲ್ಲಿ ಶೇಕಡಾ ನಾಲ್ಕೈದರ ತಪ್ಪು ಎಂದರೆ, ಒಂದು ಬೆಳೆಯ ಲಾಭವೇ ಕೈಬಿಟ್ಟು ಹೋಗಬಹುದು.

ಒಂದು ಕಾಲಕ್ಕೆ ಕಡಲು ದಾಟಿದ್ದ ರೂಪಾಯಿ

ನಮ್ಮ ರೂಪಾಯಿ ಹೊರದೇಶದಲ್ಲಿ ಎಂದೂ ನಡೆದಿರಲಿಲ್ಲ ಎಂದೇನೂ ತಿಳಿಯಬೇಕಿಲ್ಲ. ಕುವೈತ್, ಬಹರೇನ್, ಕತಾರ್, ಇಂದಿನ ಯುಎಇ ಪ್ರದೇಶ, ಒಮಾನ್ - ಇಲ್ಲೆಲ್ಲ ಭಾರತದ ರೂಪಾಯಿಯೇ ಪೇಟೆಯ ಹಣವಾಗಿದ್ದ ಕಾಲವಿತ್ತು. ಸ್ವಾತಂತ್ರ್ಯ ಬಂದ ಮೇಲೂ ಅದು ಮುಂದುವರಿದಿತ್ತು. ಆದರೆ ಇದರಿಂದ ಒಂದು ತೊಂದರೆ ಎದುರಾಯಿತು. ಕಳ್ಳಸಾಗಣೆದಾರರು ಇಲ್ಲಿಂದ ರೂಪಾಯಿ ನೋಟು ಒಯ್ದು ಅಲ್ಲಿ ಚಿನ್ನ ಕೊಳ್ಳುತ್ತಿದ್ದರು. ಆ ನೋಟುಗಳು ಗಲ್ಫ್ ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ಮರಳಿ ಬಂದಾಗ ಅವುಗಳಿಗೆ ಬದಲಾಗಿ ಭಾರತ ವಿದೇಶಿ ಹಣ ಕೊಡಬೇಕಾಗುತ್ತಿತ್ತು.

ಇದಕ್ಕೆ ತಡೆ ಹಾಕಲು 1959ರಲ್ಲಿ ಕಾನೂನು ತಿದ್ದಿ, ಗಲ್ಫ್ ಪ್ರದೇಶಕ್ಕೆಂದೇ ಬೇರೆ ಬಣ್ಣದ ರೂಪಾಯಿ ನೋಟುಗಳನ್ನು ಹೊರತರಲಾಯಿತು. ಅದೇ ಸಮಯದಲ್ಲಿ ಹಜ್ ಯಾತ್ರಿಕರಿಗಾಗಿ 10 ಮತ್ತು 100 ರೂಪಾಯಿಯ ವಿಶೇಷ ನೋಟುಗಳೂ ಬಂದವು. ಅವುಗಳ ಮೇಲೆ ‘ಹಜ್’ ಎಂಬ ಪದವಿತ್ತು. ಕ್ರಮಸಂಖ್ಯೆಯ ಮುಂದೆ ‘ಎಚ್‌ಎ’ ಎಂಬ ಅಕ್ಷರಗಳಿದ್ದವು. ಮುಂಬಯಿಯಿಂದ ಹಡಗು ಹತ್ತುತ್ತಿದ್ದ ಯಾತ್ರಿಕರು ಈ ನೋಟುಗಳನ್ನು ಸೌದಿ ಅರೇಬಿಯಕ್ಕೆ ಒಯ್ದು, ಅಲ್ಲಿ ರಿಯಾಲ್ ಪಡೆದು ಊಟಕ್ಕೆ, ವಸತಿಗೆ ಖರ್ಚು ಮಾಡುತ್ತಿದ್ದರು. ಈ ನೋಟು ಭಾರತದೊಳಗೆ ಚಲಾವಣೆಗೆ ಇರಲಿಲ್ಲ. ಪರದೇಶದ ಬಾಡಿಗೆಗೆಂದೇ ನಮ್ಮ ದೇಶ ಒಂದು ಹಣವನ್ನು ಅಚ್ಚು ಹಾಕಿತ್ತು ಎಂದರೂ ನಡೆಯುತ್ತದೆ.

ಈ ಏರ್ಪಾಟು ಹೆಚ್ಚು ಕಾಲ ಬಾಳಲಿಲ್ಲ. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ಸ್ವಂತ ದಿನಾರ್ ಹೊರಡಿಸಿದವು. 1966ರ ಜೂನ್ 6ರಂದು ಭಾರತ ರೂಪಾಯಿಯ ಅಪಮೌಲ್ಯ ಮಾಡಿದ ಮೇಲೆ ಉಳಿದ ನಾಡುಗಳೂ ಒಂದೊಂದಾಗಿ ರೂಪಾಯಿಯ ಕೈಬಿಟ್ಟವು. ಒಮಾನ್ 1970ರಲ್ಲಿ ತನ್ನದೇ ನಾಣ್ಯಕ್ಕೆ ಹೋಯಿತು. ಹಜ್ ನೋಟುಗಳೂ 1970ರ ದಶಕದಲ್ಲಿ ಮರೆಯಾದವು.

36.5 ಸರಿಯೋ, 57.5 ಸರಿಯೋ?

1966ರ ಅಪಮೌಲ್ಯದಲ್ಲಿ ವಿದ್ಯಾರ್ಥಿಗಳಿಗೆ ಒಂದು ಒಳ್ಳೆಯ ಲೆಕ್ಕವಿದೆ. ಅದುವರೆಗೆ ಒಂದು ಡಾಲರಿಗೆ 4.76 ರೂಪಾಯಿ ಇತ್ತು. ರಾತ್ರಿ ಬೆಳಗಾಗುವಷ್ಟರಲ್ಲಿ 7.50 ಆಯಿತು. ರೂಪಾಯಿಯ ಮೌಲ್ಯ ಶೇ 36.5 ಇಳಿಯಿತು ಎಂದು ಕೆಲವು ಪುಸ್ತಕಗಳು ಹೇಳುತ್ತವೆ, ಶೇ 57.5 ಎಂದು ಬರೆದವರೂ ಇದ್ದಾರೆ. ಯಾವುದು ಸರಿ?

ಎರಡೂ ಸರಿ. ಒಂದು ರೂಪಾಯಿಗೆ ಎಷ್ಟು ಡಾಲರ್ ಸಿಗುತ್ತದೆ ಎಂದು ನೋಡಿದರೆ, ಮೊದಲಿನ 100 ಭಾಗದಲ್ಲಿ ಸುಮಾರು 63.5 ಭಾಗ ಉಳಿಯಿತು, ಇಳಿಕೆ 36.5. ಒಂದು ಡಾಲರಿಗೆ ಎಷ್ಟು ರೂಪಾಯಿ ಕೊಡಬೇಕು ಎಂದು ನೋಡಿದರೆ 476 ರೂಪಾಯಿಯ ಖರ್ಚು 750ಕ್ಕೆ ಏರಿತು; ಏರಿಕೆ ಸುಮಾರು 57.5. ಬಾಡಿಗೆ ಕಟ್ಟುವವನಿಗೆ ತಟ್ಟುವುದು ಈ ಎರಡನೆಯ ಸಂಖ್ಯೆಯೇ. 100 ಡಾಲರಿನ ಕೋಣೆಯಲ್ಲಿದ್ದ ವಿದ್ಯಾರ್ಥಿಯ ಕೋಣೆ ಬದಲಾಗಲಿಲ್ಲ, ಮಾಲೀಕ ಬಾಡಿಗೆ ಏರಿಸಲೂ ಇಲ್ಲ. ಆದರೂ ತಂದೆ ಒಂದೂವರೆ ಪಟ್ಟಿಗಿಂತ ಹೆಚ್ಚು ಕಳಿಸಬೇಕಾಯಿತು.

ಆ ದಿನಗಳಲ್ಲಿ ದರ ಏರಿದ್ದಕ್ಕಿಂತ ಹಣ ಸಿಗುವುದೇ ಕಷ್ಟವಾಗಿತ್ತು. ವಿದೇಶಿ ವಿನಿಮಯವನ್ನು ಪಡಿತರದ ಸಕ್ಕರೆಯಂತೆ ಅಳೆದು ಕೊಡುತ್ತಿದ್ದರು. ಎಂಟು ಡಾಲರ್ ಹಿಡಿದು ವಿಮಾನ ಹತ್ತಿದ ಕಥೆಯನ್ನು ಆ ತಲೆಮಾರಿನ ಎಷ್ಟೋ ಮಂದಿ ಇಂದಿಗೂ ಹೇಳುತ್ತಾರೆ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಅಂದರೆ ಫೆರಾ, ನಿಯಮ ಮೀರಿದವರನ್ನು ಅಪರಾಧಿಗಳೆಂದೇ ಕಾಣುತ್ತಿತ್ತು.

1991ರಲ್ಲಿ ಪರಿಸ್ಥಿತಿ ತೀರ ಬಿಗಡಾಯಿಸಿತು. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿತು, ಗಲ್ಫ್‌ನಲ್ಲಿದ್ದ ನಮ್ಮವರು ಕಳಿಸುತ್ತಿದ್ದ ಹಣಕ್ಕೆ ಹೊಡೆತ ಬಿತ್ತು. ಆ ವರ್ಷ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ಸಾಲ ತಂದಿತು. ಮನೆಯೊಡತಿಯ ಬಳೆ ಅಡವಿಟ್ಟು ಬೀಜ ಗೊಬ್ಬರ ತರುವ ರೈತನ ಸ್ಥಿತಿಗೂ ದೇಶದ ಅಂದಿನ ಸ್ಥಿತಿಗೂ ಹೆಚ್ಚು ಅಂತರವಿರಲಿಲ್ಲ.

ಅಲ್ಲಿಂದ ಮುಂದೆ ಬಾಗಿಲು ನಿಧಾನವಾಗಿ ತೆರೆಯಿತು. 1993ರಲ್ಲಿ ದರವನ್ನು ಮಾರುಕಟ್ಟೆಗೆ ಬಿಡಲಾಯಿತು. 1994ರ ಆಗಸ್ಟ್‌ನಲ್ಲಿ ಪ್ರಯಾಣ, ಶಿಕ್ಷಣ, ವೈದ್ಯಕೀಯದಂಥ ಚಾಲ್ತಿ ಖರ್ಚುಗಳಿಗೆ ರೂಪಾಯಿಯನ್ನು ಮುಕ್ತವಾಗಿ ಬದಲಿಸಿಕೊಳ್ಳುವ ಹೊಣೆಯನ್ನು ಭಾರತ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಒಪ್ಪಿಕೊಂಡಿತು. ಫೆರಾ ಹೋಗಿ ಫೆಮಾ ಎಂಬ ಸೌಮ್ಯ ಕಾಯ್ದೆ 2000ದ ಜೂನ್ 1ರಿಂದ ಜಾರಿಗೆ ಬಂತು. 2004ರಲ್ಲಿ ರಿಸರ್ವ್ ಬ್ಯಾಂಕ್ ‘ಉದಾರೀಕೃತ ರವಾನೆ ಯೋಜನೆ’ ತಂದು ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರ್‌ವರೆಗೆ ಹೊರಗೆ ಕಳಿಸಬಹುದೆಂದಿತು. ಏರಿ ಇಳಿದು, 2015ರಲ್ಲಿ ಈ ಮಿತಿ 2,50,000 ಡಾಲರಿಗೆ ಬಂದು ನಿಂತಿತು. ಎಂಟು ಡಾಲರಿನಿಂದ ಎರಡೂವರೆ ಲಕ್ಷ ಡಾಲರಿಗೆ! ಇಂದು ಸಾಮಾನ್ಯ ಕುಟುಂಬಕ್ಕೆ ತೊಡಕು ಮಿತಿಯದಲ್ಲ, ದಾರಿಯುದ್ದಕ್ಕೂ ಆಗುವ ಸೋರಿಕೆಯದು.

ನೋಟು ಹೋಗುವುದಿಲ್ಲ, ಲೆಕ್ಕ ಹೋಗುತ್ತದೆ

ಚಿಂತಾಮಣಿಯ ಬ್ಯಾಂಕಿನಲ್ಲಿ ಕಟ್ಟಿದ ರೂಪಾಯಿ ಬರ್ಲಿನ್ ತಲಪುವುದು ಹೇಗೆ? ಯಾವ ನೋಟೂ ವಿಮಾನ ಹತ್ತುವುದಿಲ್ಲ. ಭಾರತದ ಬ್ಯಾಂಕುಗಳು ಹೊರದೇಶದ ಬ್ಯಾಂಕುಗಳಲ್ಲಿ ತಮ್ಮದೇ ಖಾತೆ ಇಟ್ಟುಕೊಂಡಿರುತ್ತವೆ. ಇದಕ್ಕೆ ‘ನಾಸ್ಟ್ರೋ’ ಖಾತೆ ಎಂದು ಹೆಸರು. ಇಟಾಲಿಯನ್ ಭಾಷೆಯಲ್ಲಿ ‘ನಮ್ಮದು’ ಎಂದರ್ಥ. ನೀವು ಇಲ್ಲಿ ರೂಪಾಯಿ ಕಟ್ಟಿದಾಗ ಬ್ಯಾಂಕು ತನ್ನ ಯೂರೋ ಖಾತೆಯಿಂದ ಮನೆ ಮಾಲೀಕರ ಖಾತೆಗೆ ಅಷ್ಟು ಹಣ ಕೊಡಿ ಎಂದು ‘ಸ್ವಿಫ್ಟ್’ ಜಾಲದ ಮೂಲಕ ಸಂದೇಶ ಕಳಿಸುತ್ತದೆ. ಈ ಸಂಸ್ಥೆ 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿತು. ಅದು ಸಾಗಿಸುವುದು ಸಂದೇಶವನ್ನು, ಹಣವನ್ನಲ್ಲ.

ಹಾಗಾದರೆ ಆ ಯೂರೋ ಎಲ್ಲಿಂದ ಬಂತು? ಬೆಂಗಳೂರಿನಿಂದ ಹೊರದೇಶಕ್ಕೆ ಮಾಡಿಕೊಟ್ಟ ಸಾಫ್ಟ್‌ವೇರ್ ಕೆಲಸದಿಂದ, ರಫ್ತಾದ ಬಟ್ಟೆಯಿಂದ, ಗಲ್ಫ್‌ನಲ್ಲಿ ದುಡಿಯುವವರು ಮನೆಗೆ ಕಳಿಸಿದ ಹಣದಿಂದ. ಒಬ್ಬರು ಗಳಿಸಿ ತಂದ ವಿದೇಶಿ ಹಣವನ್ನೇ ಇನ್ನೊಬ್ಬರು ಬಾಡಿಗೆಗೆ ಕೊಳ್ಳುವುದು.

ಯುರೋಪಿನ ದೇಶಗಳಿಗೂ ಸೌದಿ ಅರೇಬಿಯಕ್ಕೂ ಹಣ ಕಳಿಸುವಾಗ ‘ಐಬಾನ್’ ಎಂಬ ಖಾತೆ ಸಂಖ್ಯೆ ಕೇಳುತ್ತಾರೆ. ಜರ್ಮನಿಯದಾದರೆ 22 ಅಕ್ಷರ-ಅಂಕಿಗಳು, ಸೌದಿಯದಾದರೆ 24. ಇದರೊಳಗೆ ಒಂದು ಸೊಗಸಾದ ಗಣಿತವಿದೆ. ಮೊದಲ ನಾಲ್ಕು ಸ್ಥಾನಗಳನ್ನು ಕೊನೆಗೆ ಸಾಗಿಸಿ, ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳಿಗೆ 10ರಿಂದ 35ರವರೆಗೆ ಬೆಲೆ ಕೊಟ್ಟು, ಬಂದ ಉದ್ದನೆಯ ಸಂಖ್ಯೆಯನ್ನು 97ರಿಂದ ಭಾಗಿಸಿದರೆ ಶೇಷ 1 ಬರಬೇಕು. 97 ಅವಿಭಾಜ್ಯ ಸಂಖ್ಯೆಯಾದ್ದರಿಂದ, ಯಾವುದೇ ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೂ ಶೇಷ 1 ಉಳಿಯದೆ ತಪ್ಪು ಹೊರಬೀಳುತ್ತದೆ. ಹತ್ತನೆಯ ತರಗತಿಯವರು ಕಾಗದ ಪೆನ್ಸಿಲ್ ಹಿಡಿದು ಇದನ್ನು ಸಾಧಿಸಿ ನೋಡಬಹುದು.

ಆದರೆ ಒಂದು ಎಚ್ಚರಿಕೆ. ಸಂಖ್ಯೆ ಸರಿಯಾಗಿ ಬರೆಯಲಾಗಿದೆ ಎಂದಷ್ಟೇ ಈ ಪರೀಕ್ಷೆ ಹೇಳುತ್ತದೆ. ಖಾತೆ ಯಾರದು ಎಂದು ಹೇಳುವುದಿಲ್ಲ. ವಂಚಕನ ಐಬಾನ್ ಕೂಡ 97ರಿಂದ ಭಾಗಿಸಿದಾಗ 1 ಶೇಷವನ್ನೇ ಕೊಡುತ್ತದೆ.

ಮಂಡಿಯ ದರ, ಬ್ಯಾಂಕಿನ ದರ

ಟೊಮೆಟೊ ಮಂಡಿಗೆ ಹೋದವರಿಗೆ ಕೊಳ್ಳುವ ದರ, ಮಾರುವ ದರ ಬೇರೆ ಬೇರೆ ಎಂದು ಹೇಳಿಕೊಡಬೇಕಾಗಿಲ್ಲ. ರೈತನಿಗೆ ಒಂದು ಬಾಕ್ಸಿಗೆ ಸಿಗುವ ಬೆಲೆಗೂ ಅಂಗಡಿಯಲ್ಲಿ ಕೊಡುವ ಬೆಲೆಗೂ ನಡುವೆ ವ್ಯಾಪಾರಿಯ ಲಾಭವಿರುತ್ತದೆ. ಹಣದ ಪೇಟೆಯಲ್ಲೂ ಅಷ್ಟೇ. ಪತ್ರಿಕೆಯಲ್ಲಿ ‘ಯೂರೋ ಇಷ್ಟು ರೂಪಾಯಿ’ ಎಂದು ಬರುವುದು ಬ್ಯಾಂಕುಗಳು ತಮ್ಮತಮ್ಮಲ್ಲಿ ನಡೆಸುವ ವ್ಯವಹಾರದ ದರ. ನಮಗೆ ಸಿಗುವುದು ಅದಕ್ಕಿಂತ ಮೇಲಿನ ಮಾರಾಟ ದರ. ನಗದು ನೋಟು ಕೊಳ್ಳುವುದಾದರೆ ಸಾಮಾನ್ಯವಾಗಿ ದರ ಇನ್ನೂ ಮೇಲಿರುತ್ತದೆ. ನೋಟನ್ನು ತರಿಸಿ, ಕಾಪಾಡಿ ಇಡುವ ಖರ್ಚನ್ನು ಅದರ ಮೇಲೆಯೇ ಹಾಕಿರುತ್ತಾರೆ.

ಲೆಕ್ಕದ ಅನುಕೂಲಕ್ಕೆ ಪೇಟೆ ದರ ಒಂದು ಯೂರೋಗೆ 100 ರೂಪಾಯಿ, ಕೋಣೆಯ ಬಾಡಿಗೆ ತಿಂಗಳಿಗೆ 500 ಯೂರೋ ಎಂದಿಟ್ಟುಕೊಳ್ಳೋಣ. ಸೋರಿಕೆಯೇ ಇಲ್ಲದಿದ್ದರೆ 50,000 ರೂಪಾಯಿ ಸಾಕು. ಮುಂದಿನ ಶುಲ್ಕಗಳೂ ಉದಾಹರಣೆಗೆ ಹಿಡಿದವು. ಬ್ಯಾಂಕಿನಿಂದ ಬ್ಯಾಂಕಿಗೆ ಅವು ಬೇರೆಯಾಗುತ್ತವೆ.

ಮೊದಲನೆಯದು ಬ್ಯಾಂಕಿನ ಮೂಲಕ ರವಾನೆ. ಬ್ಯಾಂಕು 101ರ ದರ ಹಾಕಿದರೆ 50,500. ಹಣ ಬದಲಾವಣೆಯ ಮೇಲಿನ ಜಿಎಸ್‌ಟಿ 90. ರವಾನೆ ಶುಲ್ಕ 1,000 ಎಂದು ಹಿಡಿದರೆ ಒಟ್ಟು 51,590. ಮೂರು ತಿಂಗಳ ಬಾಡಿಗೆಯನ್ನು ಒಮ್ಮೆಗೇ ಮಗಳ ಖಾತೆಗೆ ಕಳಿಸಿದರೆ ಆ 1,000 ಒಂದೇ ಸಲ ತಗಲುತ್ತದೆ.

ಎರಡನೆಯದು ಇಲ್ಲಿನ ಬ್ಯಾಂಕಿನ ಕಾರ್ಡನ್ನು ಅಲ್ಲಿ ಉಜ್ಜುವುದು. ಹಲವು ಕಾರ್ಡುಗಳು ವಿದೇಶಿ ಹಣದ ವ್ಯವಹಾರಕ್ಕೆ ಶೇ 2ರಿಂದ 3.5ರಷ್ಟು ಹೆಚ್ಚುವರಿ ಶುಲ್ಕ ಹಾಕುತ್ತವೆ. ಶೇ 3.5 ಎಂದರೆ 1,750. ಅದರ ಮೇಲೆ ಶೇ 18 ಜಿಎಸ್‌ಟಿ 315. ಒಟ್ಟು 52,065.

ಮೂರನೆಯದು ಎಲ್ಲಕ್ಕಿಂತ ದುಬಾರಿ. ಕಾರ್ಡು ಹಾಕಿದ ಯಂತ್ರವೋ ಬಾಡಿಗೆಯ ಜಾಲತಾಣವೋ ‘ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಿ ಕೊಡುತ್ತೀರಾ?’ ಎಂದು ವಿನಯದಿಂದ ಕೇಳುತ್ತದೆ. ಪರದೇಶದಲ್ಲಿ ರೂಪಾಯಿಯ ಹೆಸರು ಕಂಡ ಸಂತೋಷದಲ್ಲಿ ಬಹಳ ಮಂದಿ ರೂಪಾಯಿಯನ್ನೇ ಒತ್ತುತ್ತಾರೆ. ಹಾಗೆ ಒತ್ತಿದರೆ ಹಣ ಬದಲಿಸುವ ಕೆಲಸ ನಿಮ್ಮ ಬ್ಯಾಂಕಿನ ಕೈತಪ್ಪಿ ಆ ಯಂತ್ರದವರ ಕೈಗೆ ಹೋಗುತ್ತದೆ. ದರ ಅವರು ಹೇಳಿದ್ದೇ. ಶೇ 6 ಹೆಚ್ಚು ಹಾಕಿದರೂ 53,000. ಇಷ್ಟು ಸಾಲದೆಂದು, ವ್ಯವಹಾರ ರೂಪಾಯಿಯಲ್ಲೇ ನಡೆದಿದ್ದರೂ ವ್ಯಾಪಾರಿ ಹೊರದೇಶದವನೆಂಬ ಕಾರಣಕ್ಕೆ ಇಲ್ಲಿನ ಕೆಲವು ಬ್ಯಾಂಕುಗಳು ಮತ್ತೊಂದು ಶುಲ್ಕ ಸೇರಿಸುತ್ತವೆ. ತಿಂಗಳಿಗೆ 3,000ದಂತೆ ವರ್ಷಕ್ಕೆ 36,000 ರೂಪಾಯಿ ಒಂದು ಗುಂಡಿ ಒತ್ತಿದ್ದಕ್ಕೆ ದಂಡ! ಆದ್ದರಿಂದ ನಿಯಮ ಸರಳ: ಯಾವ ದೇಶದಲ್ಲಿ ಕೋಣೆಯೋ ಆ ದೇಶದ ಹಣವನ್ನೇ ಆರಿಸಬೇಕು.

ರವಾನೆ ಮಾಡುವಾಗ ಇನ್ನೊಂದು ಸೂಕ್ಷ್ಮವಿದೆ. ಹಣ ದಾಟುವ ದಾರಿಯಲ್ಲಿ ನಡುವಿನ ಬ್ಯಾಂಕು ತನ್ನ ಶುಲ್ಕವನ್ನು ಮುರಿದುಕೊಳ್ಳಬಹುದು. 500 ಕಳಿಸಿದರೆ ಮಾಲೀಕನಿಗೆ 480 ಮುಟ್ಟಿ, ಅವನು ಬಾಡಿಗೆ ಬಾಕಿ ಎಂದು ಬರೆದಿಟ್ಟುಕೊಳ್ಳಬಹುದು. ಶುಲ್ಕ ಪೂರ್ತಿ ಕಳಿಸುವವರದೋ, ಹಂಚಿಕೆಯೋ, ಪಡೆಯುವವರದೋ ಎಂದು ಬ್ಯಾಂಕಿನ ಅರ್ಜಿಯಲ್ಲಿ ಮೂರು ಆಯ್ಕೆಗಳಿರುತ್ತವೆ. ಬಾಡಿಗೆ, ಕಾಲೇಜು ಶುಲ್ಕಗಳಿಗೆ ಮೊದಲನೆಯದನ್ನೇ ಆರಿಸುವುದು ಕ್ಷೇಮ.

ಅರ್ಜಿಯಲ್ಲಿ ಉದ್ದೇಶ ಬರೆಯುವಾಗ

ಹಣ ಕಳಿಸಲು ‘ಎ-2’ ಎಂಬ ಅರ್ಜಿ ತುಂಬಬೇಕು, ಪ್ಯಾನ್ ಸಂಖ್ಯೆ ಕೊಡಬೇಕು. ಅರ್ಜಿಯಲ್ಲಿ ಉದ್ದೇಶಕ್ಕೆ ಒಂದು ಸಂಕೇತವಿದೆ. ಯಾತ್ರೆಗೆ ಎಸ್ 0303. ಹಾಸ್ಟೆಲ್ ಖರ್ಚೂ ಸೇರಿದಂತೆ ಶಿಕ್ಷಣಕ್ಕೆ ಎಸ್ 0305. ರಜೆಯ ಪ್ರವಾಸದಂಥದಕ್ಕೆ ಎಸ್ 0306. ಅವಸರದಲ್ಲಿ ಯಾವುದೋ ಒಂದನ್ನು ಬರೆದರೆ ತೆರಿಗೆಯ ಲೆಕ್ಕವೇ ಬದಲಾಗುತ್ತದೆ.

ಹೊರದೇಶಕ್ಕೆ ಹೋಗುವ ಹಣದ ಮೇಲೆ 2020ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಮೂಲದಲ್ಲೇ ತೆರಿಗೆ ವಸೂಲು ಮಾಡುತ್ತಿವೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗಿನ ರವಾನೆಗೆ ವಿನಾಯಿತಿ ಸಿಕ್ಕಿತು. ನಿಗದಿತ ಹಣಕಾಸು ಸಂಸ್ಥೆಯಿಂದ ಶಿಕ್ಷಣ ಸಾಲ ಪಡೆದು ಕಳಿಸಿದರೆ ಈ ತೆರಿಗೆ ಇಲ್ಲ.

ಜರ್ಮನಿಯ ಉದಾಹರಣೆಯನ್ನೇ ನೋಡಿ. ಅಲ್ಲಿಗೆ ಓದಲು ಹೋಗುವವರು ವೀಸಾಕ್ಕೆ ಮುಂಚೆಯೇ ಒಂದು ವರ್ಷದ ಜೀವನವೆಚ್ಚಕ್ಕೆ ಹಣವಿದೆ ಎಂದು ತೋರಿಸಬೇಕು. ಸಾಮಾನ್ಯ ದಾರಿಯೆಂದರೆ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಅಷ್ಟನ್ನೂ ಮೊದಲೇ ಇಡುವುದು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಲಾಯಿತು. ತಿಂಗಳಿಗೆ 992ರಂತೆ ವಿದ್ಯಾರ್ಥಿಗೆ ಬಿಡುಗಡೆಯಾಗುತ್ತದೆ. ಕೋಣೆಯ ಬಾಡಿಗೆ ಹೋಗುವುದು ಇದರಲ್ಲೇ. ನಮ್ಮ 100ರ ದರದಲ್ಲಿ ಇದು 11,90,400 ರೂಪಾಯಿ. ಯೂರೋ ಒಂದೇ ಒಂದು ರೂಪಾಯಿ ಏರಿದರೂ 11,904 ರೂಪಾಯಿ ಹೆಚ್ಚು ಬೇಕು.

ಸ್ವಂತ ಹಣದಿಂದ ಕಳಿಸಿದರೆ 10 ಲಕ್ಷ ಮೀರಿದ 1,90,400ರ ಮೇಲೆ ತೆರಿಗೆ. 2025-26ನೇ ಸಾಲಿನ ದರದಲ್ಲಿ ಶಿಕ್ಷಣಕ್ಕೆಂದು ದಾಖಲಾದರೆ ಶೇ 5, ಅಂದರೆ 9,520 ರೂಪಾಯಿ. ‘ಇತರೆ’ ಎಂದು ದಾಖಲಾದರೆ ಶೇ 20, ಅಂದರೆ 38,080. ದರಗಳು ಬಜೆಟ್‌ನಲ್ಲಿ ಬದಲಾಗುತ್ತಿರುವುದರಿಂದ, ಕಳಿಸುವ ದಿನದ ದರವನ್ನು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಬೇಕು.

ಇಲ್ಲಿ ನಮ್ಮ ರೈತ ಕುಟುಂಬಗಳು ಮರೆಯಬಾರದ ಒಂದು ವಿಷಯವಿದೆ. ಈ ತೆರಿಗೆ ಹೋದ ಹಣವಲ್ಲ, ಯಾರ ಪ್ಯಾನ್ ಕೊಟ್ಟಿರುತ್ತೀರೋ ಅವರ ಹೆಸರಿನಲ್ಲಿ ಇಲಾಖೆಯಲ್ಲಿ ಜಮಾ ಆಗಿರುವ ಹಣ. ಆದಾಯ ತೆರಿಗೆಯ ವಿವರಪಟ್ಟಿ ಸಲ್ಲಿಸಿದರೆ ಕಟ್ಟಬೇಕಾದ ತೆರಿಗೆಗೆ ವಜಾ ಆಗುತ್ತದೆ, ತೆರಿಗೆಯೇ ಇಲ್ಲದಿದ್ದರೆ ಹಿಂದಿರುಗಿ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ವಿವರಪಟ್ಟಿಯ ಗೊಡವೆಗೇ ಹೋಗದ ರೈತರು ಹೆಚ್ಚು. ಅಂಥವರು ಸಲ್ಲಿಸದೇ ಬಿಟ್ಟರೆ ತಮ್ಮ ಹಣವನ್ನು ತಾವೇ ಬಿಟ್ಟುಕೊಟ್ಟಂತೆ.

ಮೆಕ್ಕಾದ ವಸತಿ, ರಿಯಾಲ್ ಲೆಕ್ಕ

ಹಜ್‌ಗೆ ಹೋಗುವವರ ವಿಷಯ ಸ್ವಲ್ಪ ಬೇರೆ. ಭಾರತದ ಹಜ್ ಸಮಿತಿಯ ಮೂಲಕ ಹೊರಡುವವರಿಗೆ ಮೆಕ್ಕಾದಲ್ಲಿ ಕಟ್ಟಡಗಳನ್ನು ಬಾಡಿಗೆಗೆ ಹಿಡಿದುಕೊಡುತ್ತಾರೆ. ಯಾತ್ರಿಕರು ಇಲ್ಲಿ ರೂಪಾಯಿಯಲ್ಲಿ ಕಂತು ಕಟ್ಟುತ್ತಾರೆ. ಅಲ್ಲಿ ಸಲ್ಲುವುದು ರಿಯಾಲ್. ಸೌದಿ ಅರೇಬಿಯ 1986ರಿಂದ ಒಂದು ಡಾಲರಿಗೆ 3.75 ರಿಯಾಲ್ ಎಂದು ದರವನ್ನು ಕಟ್ಟಿಹಾಕಿದೆ. ಹೀಗಾಗಿ ರಿಯಾಲಿನ ಬೆಲೆ ತಿಳಿಯಲು ಡಾಲರಿನ ಬೆಲೆ ನೋಡಿದರೆ ಸಾಕು. ಡಾಲರಿಗೆ 90 ರೂಪಾಯಿ ಇದ್ದರೆ ರಿಯಾಲಿಗೆ 24. ನ್ಯೂಯಾರ್ಕಿನಲ್ಲಿ ಡಾಲರ್ ಬಲಿತರೆ ಅದರ ಬಿಸಿ ಹಜ್ ಯಾತ್ರಿಕರಿಗೂ ತಟ್ಟುತ್ತದೆ.

ಹಿಂದೆ ಸಮಿತಿಯೇ ಕೈಖರ್ಚಿಗೆ 2,100 ರಿಯಾಲ್ ಕೊಡುವ ಪದ್ಧತಿಯಿತ್ತು. 2023ರ ಹಜ್‌ನಿಂದ ಅದನ್ನು ಬಿಟ್ಟು, ಬೇಕಾದಷ್ಟನ್ನು ಯಾತ್ರಿಕರೇ ಪಡೆದುಕೊಳ್ಳಲು ಅವಕಾಶ ಮಾಡಲಾಯಿತು. ಸಾಮಾನ್ಯ ಪ್ರವಾಸಿಗಳು ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರಿನಷ್ಟು ಮಾತ್ರ ನಗದು ನೋಟು ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿರಬೇಕು. ಹಜ್, ಉಮ್ರಾ ಯಾತ್ರಿಕರಿಗೆ ಈ ನಗದು ಮಿತಿಯಲ್ಲಿ ವಿನಾಯಿತಿ ಇದೆ. ಊರಿಗೆ ಬಂದ ಮೇಲೆ ಉಳಿದ ವಿದೇಶಿ ಹಣವನ್ನು 180 ದಿನದೊಳಗೆ ಬ್ಯಾಂಕಿಗೆ ಮರಳಿಸಬೇಕು; 2,000 ಡಾಲರಿನಷ್ಟನ್ನು ಇಟ್ಟುಕೊಳ್ಳಬಹುದು.

ಮೊಬೈಲಿನ ಯುಪಿಐ ಎಲ್ಲ ಕಡೆ ನಡೆಯುವುದಿಲ್ಲವೇ ಎಂದು ಮಕ್ಕಳು ಕೇಳಬಹುದು. ಭೂತಾನಿನಲ್ಲಿ 2021ರಿಂದ, ಶ್ರೀಲಂಕಾ ಮತ್ತು ಮಾರಿಷಸ್‌ಗಳಲ್ಲಿ 2024ರ ಫೆಬ್ರುವರಿಯಿಂದ ಅಂಗಡಿಗಳಲ್ಲಿ ಬಳಕೆ ಆರಂಭವಾಗಿದೆ. 2023ರಲ್ಲಿ ಸಿಂಗಪುರದ ಪಾವತಿ ವ್ಯವಸ್ಥೆಯೊಂದಿಗೆ ಜೋಡಣೆಯಾಗಿದೆ. ಇದು ಬೆಳೆಯುತ್ತಿರುವ ದಾರಿ, ನಿಜ. ಆದರೆ ಬರ್ಲಿನ್ನಿನ ಮನೆ ಬಾಡಿಗೆಯನ್ನು ಚಿಂತಾಮಣಿಯಲ್ಲಿ ಕುಳಿತು ಯುಪಿಐನಲ್ಲಿ ಕಟ್ಟುವಷ್ಟು ಅದಿನ್ನೂ ಬಲಿತಿಲ್ಲ.

ಮುಂಗಡ ಮತ್ತು ಮೋಸ

ಶುಲ್ಕದಲ್ಲಿ ಹೋಗುವುದು ನೂರಕ್ಕೆ ಮೂರೋ ನಾಲ್ಕೋ. ಮೋಸದಲ್ಲಿ ಹೋಗುವುದು ನೂರಕ್ಕೆ ನೂರು. ಮೋಸದ ರೀತಿ ಎಲ್ಲ ದೇಶಗಳಲ್ಲೂ ಹೆಚ್ಚು ಕಡಿಮೆ ಒಂದೇ. ಸುಂದರವಾದ ಕೋಣೆಯ ಚಿತ್ರ. ಆ ಊರಿನಲ್ಲಿ ಎಲ್ಲೂ ಸಿಗದಷ್ಟು ಕಡಿಮೆ ಬಾಡಿಗೆ. ಮಾಲೀಕ ತಾನು ಸದ್ಯಕ್ಕೆ ಬೇರೆ ದೇಶದಲ್ಲಿದ್ದೇನೆ ಎನ್ನುತ್ತಾನೆ. ಮುಂಗಡ ಕಳಿಸಿದರೆ ಬೀಗದಕೈಯನ್ನು ಅಂಚೆಯಲ್ಲಿ ಕಳಿಸುತ್ತೇನೆ ಎನ್ನುತ್ತಾನೆ. ಇನ್ನೊಬ್ಬರು ಕೇಳುತ್ತಿದ್ದಾರೆ, ಇವತ್ತೇ ಕಳಿಸಿ ಎಂದು ಅವಸರಪಡಿಸುತ್ತಾನೆ. ಇವುಗಳಲ್ಲಿ ಎರಡು ಕೂಡಿಬಂದರೂ ಹಿಂದೆ ಸರಿಯಬೇಕು. ಬ್ಯಾಂಕಿನಿಂದ ಹೊರಟ ರವಾನೆಯನ್ನು ಪಡೆದವನ ಒಪ್ಪಿಗೆಯಿಲ್ಲದೆ ಮರಳಿ ತರುವುದು ಬಹಳ ಕಷ್ಟ.

ಮೊದಲ ಕೆಲವು ವಾರಗಳ ಮಟ್ಟಿಗೆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲೋ ನಂಬಿಕೆಯ ತಂಗುದಾಣದಲ್ಲೋ ಇದ್ದು, ಕೋಣೆಯನ್ನು ಕಣ್ಣಾರೆ ಕಂಡು, ಕರಾರುಪತ್ರಕ್ಕೆ ಸಹಿಯಾದ ಮೇಲೆಯೇ ಮುಂಗಡ ಕೊಡುವುದು ಲೇಸು. ರಜೆಗೆ ಮನೆ ಹಿಡಿಯುವವರು ಬುಕ್ ಮಾಡಿದ ಜಾಲತಾಣದೊಳಗೇ ಹಣ ಕಟ್ಟಬೇಕು. ‘ನೇರವಾಗಿ ನನ್ನ ಖಾತೆಗೆ ಹಾಕಿ, ಕಡಿಮೆ ಮಾಡಿಕೊಡುತ್ತೇನೆ’ ಎಂಬ ಮಾತಿಗೆ ಮರುಳಾದರೆ ದೂರು ಕೊಡಲು ಜಾಗವೇ ಇರುವುದಿಲ್ಲ.

ಅಲ್ಲಿನ ಕಾನೂನು ಬಾಡಿಗೆದಾರರಿಗೆ ಏನು ಕೊಟ್ಟಿದೆ ಎಂಬುದನ್ನೂ ಅರಿತಿರಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿಸಿಕೊಂಡು ರೂಢಿಯಾದ ನಮ್ಮವರು ಹೊರದೇಶದಲ್ಲೂ ಕೇಳಿದಷ್ಟು ಕೊಟ್ಟುಬಿಡುವುದುಂಟು. ಜರ್ಮನಿಯಲ್ಲಿ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನೂ ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗೆ ಇದೆ. ಇಂಗ್ಲೆಂಡಿನಲ್ಲಿ 2019ರ ಕಾನೂನಿನಂತೆ ವಾರ್ಷಿಕ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿರುವ ಮನೆಗೆ ಐದು ವಾರದ ಬಾಡಿಗೆಯಷ್ಟು ಮಾತ್ರ ಮುಂಗಡ ಪಡೆಯಬಹುದು. ಸಾಮಾನ್ಯ ಖಾಸಗಿ ಬಾಡಿಗೆಯಲ್ಲಿ ಆ ಹಣವನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಲ್ಲಿ ಇಡಬೇಕು.

ಮುಂಗಡದ ವಿಷಯದಲ್ಲಿ ವಿನಿಮಯ ದರ ಕೆಲವೊಮ್ಮೆ ನಮ್ಮ ಕಡೆಗೂ ವಾಲುತ್ತದೆ. ಯೂರೋಗೆ 100 ರೂಪಾಯಿ ಇದ್ದಾಗ ಕೊಟ್ಟ 1,000 ಯೂರೋ, ಎರಡು ವರ್ಷದ ನಂತರ 110ರ ದರದಲ್ಲಿ ಹಿಂದಿರುಗಿದರೆ 1,10,000 ರೂಪಾಯಿ. ದರ ಇಳಿದಿದ್ದರೆ ಅಷ್ಟೇ ನಷ್ಟ. ದರ ಯಾವ ಕಡೆ ಹೋಗುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಡಾಲರ್ ಇಳಿಯಲಿ ಎಂದು ಕಾದು ಕುಳಿತು ವಿಶ್ವವಿದ್ಯಾಲಯದ ಕಡೆಯ ದಿನಾಂಕ ತಪ್ಪಿಸಿಕೊಳ್ಳುವುದಕ್ಕಿಂತ, ಬೇಕಾದ ಹಣವನ್ನು ಎರಡು ಮೂರು ಕಂತುಗಳಲ್ಲಿ ಬೇರೆ ಬೇರೆ ದಿನ ಕೊಂಡು ಇಡುವುದು ಜಾಣತನ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಪರದೇಶದ ಕೋಣೆಗೂ ಅನ್ವಯಿಸುತ್ತದೆ. ಆದರೆ ಅಲ್ಲಿ ಹಾಸಿಗೆಯ ಉದ್ದ ದಿನದಿನಕ್ಕೂ ಬದಲಾಗುತ್ತದೆ. ಆದ್ದರಿಂದ ವರ್ಷದ ಬಾಡಿಗೆ ಲೆಕ್ಕ ಹಾಕುವಾಗ ಇಂದಿನ ದರಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿಯೇ ಲೆಕ್ಕ ಹಾಕಬೇಕು. ಸಾಲದ ಮೊತ್ತ ಕೇಳುವಾಗಲೂ ಇದನ್ನು ಮರೆಯಬಾರದು. ಕರಾರುಪತ್ರದ ಪ್ರತಿ, ಎ-2 ಅರ್ಜಿಯ ಪ್ರತಿ, ಸ್ವಿಫ್ಟ್ ಸಂದೇಶದ ಪ್ರತಿ, ಬ್ಯಾಂಕು ವಸೂಲು ಮಾಡಿದ ತೆರಿಗೆಯ ಪ್ರಮಾಣಪತ್ರ - ಈ ನಾಲ್ಕನ್ನು ಒಂದು ಕಡತದಲ್ಲಿ ಹಾಕಿ ಮನೆಯಲ್ಲೊಂದು, ಮಕ್ಕಳ ಬಳಿ ಒಂದು ಇಟ್ಟರೆ, ಮುಂಗಡ ಮರಳಿ ಕೇಳುವ ದಿನವೂ ತೆರಿಗೆ ಮರಳಿ ಕೇಳುವ ದಿನವೂ ಕೈಯಲ್ಲಿ ಪುರಾವೆ ಇರುತ್ತದೆ.